ದರ್ಭೆ: ಅದರ ಪರಾಗ, ಅದರ ಪರಿಸರ ಮತ್ತು ಪರದೇಶದಲ್ಲಿ ಅದರ ಹಾವಳಿ

ಉಪಾಕರ್ಮಕ್ಕೆ, ಹಿರಿಯರ ತಿಥಿಗೆ, ಗ್ರಹಣಕಾಲದಲ್ಲಿ ನೀರು-ಉಪ್ಪಿನಕಾಯಿಗಳ ಮೇಲಿಡುವುದಕ್ಕೆ ನಮ್ಮಲ್ಲಿ ಅನೇಕರ ಮನೆಗಳಲ್ಲಿ ದರ್ಭೆ ಬೇಕಾಗುತ್ತದೆ. ಊರಿನಲ್ಲಿದ್ದಾಗ ಕೆರೆಯಂಚಿನಿಂದಲೋ ಗದ್ದೆಯ ಬದುವಿನಿಂದಲೋ ಕೊಯ್ದು ತರುತ್ತಿದ್ದ ಈ ಹುಲ್ಲು, ಮಹಾನಗರಗಳಲ್ಲಿ ನೆಲೆಸಿದ ಮೇಲೆ ಪೂಜಾಸಾಮಗ್ರಿಯ ಅಂಗಡಿಯಲ್ಲಿ ಒಣಗಿದ ಕಟ್ಟಾಗಿ ನಮ್ಮ ಕೈಸೇರುತ್ತದೆ. ಆ ಕಟ್ಟಿನಲ್ಲಿ ಗರಿಗಳಿರುತ್ತವೆಯೇ ಹೊರತು ಹೂವು ಇರುವುದಿಲ್ಲ. ಹೀಗಾಗಿ ದರ್ಭೆಗೂ ಹೂವುಂಟು, ಪರಾಗವುಂಟು, ಆ ಪರಾಗದ ಒಂದು ವಿಚಿತ್ರ ಗುಣವೇ ಈ ಹುಲ್ಲು ಒಂದು ನಾಡಿನಲ್ಲಿ ಎಷ್ಟು ವೇಗವಾಗಿ ಹರಡಬಲ್ಲದು ಎಂಬುದನ್ನು ನಿರ್ಧರಿಸುತ್ತದೆ ಎಂಬ ವಿಷಯ ನಮ್ಮ ಗಮನಕ್ಕೆ ಬರುವುದು ಅಪರೂಪ.

ಇದೇ ಹುಲ್ಲು ಅಮೆರಿಕದ ಆಗ್ನೇಯ ರಾಜ್ಯಗಳಲ್ಲಿ ಅಲ್ಲಿನ ಕೇಂದ್ರ ಸರ್ಕಾರದ ಹಾನಿಕರ ಕಳೆಗಳ ಪಟ್ಟಿಗೆ ಸೇರಿದೆ. ಜಗತ್ತಿನ ಹತ್ತು ಅತಿ ಕೆಟ್ಟ ಕಳೆಗಳಲ್ಲಿ ಒಂದೆಂದು 1977ರಲ್ಲಿ ಪ್ರಕಟವಾದ ಪ್ರಸಿದ್ಧ ಕಳೆಕೋಶವೊಂದು ಇದನ್ನು ಹೆಸರಿಸಿತು. ನಮ್ಮ ಬೆರಳಿನ ಪವಿತ್ರವು ಅಲ್ಲಿಯವರಿಗೆ ಕಾಡನ್ನು ಸುಡುವ ಶತ್ರು. ಒಂದೇ ಸಸ್ಯದ ಈ ಎರಡು ಮುಖಗಳನ್ನು ಅದರ ಪರಾಗದ ಮೂಲಕ ನೋಡುವ ಪ್ರಯತ್ನವನ್ನು ಈ ಲೇಖನದಲ್ಲಿ ಮಾಡಿದ್ದೇವೆ.

ಹೆಸರಿನ ಗೊಂದಲ

ಮೊದಲು ಹೆಸರಿನ ವಿಷಯವನ್ನು ಇತ್ಯರ್ಥಪಡಿಸಿಕೊಳ್ಳುವುದು ಒಳ್ಳೆಯದು. ಲೋಕರೂಢಿಯಲ್ಲಿ ದರ್ಭೆ ಮತ್ತು ಕುಶ ಎಂಬ ಎರಡು ಮಾತುಗಳು ಒಂದಕ್ಕೊಂದು ಬದಲಿಯಾಗಿ ಬಳಕೆಯಾಗುತ್ತವೆ. ಆಯುರ್ವೇದದ ತೃಣಪಂಚಮೂಲದಲ್ಲಿ ಮಾತ್ರ ಅವು ಬೇರೆ ಬೇರೆ. ಅಲ್ಲಿ ಕುಶವೆಂದರೆ ಸಸ್ಯಶಾಸ್ತ್ರಜ್ಞರು ಡೆಸ್ಮೊಸ್ಟಾಕಿಯಾ ಬೈಪಿನ್ನೇಟಾ ಎಂದು ಕರೆಯುವ ಒರಟು ಹುಲ್ಲು. ದರ್ಭೆಯೆಂದರೆ ಇಂಪೆರೇಟಾ ಸಿಲಿಂಡ್ರಿಕಾ. ಅಂಗಡಿಯಲ್ಲಿ ದೊರೆಯುವ ಕಟ್ಟು ಪ್ರದೇಶಕ್ಕನುಗುಣವಾಗಿ ಇವೆರಡರಲ್ಲಿ ಯಾವುದಾದರೂ ಆಗಿರಬಹುದು. ಈ ಲೇಖನದಲ್ಲಿ ನಾವು ದರ್ಭೆ ಎಂದಾಗಲೆಲ್ಲ ಇಂಪೆರೇಟಾ ಎಂದೇ ತಿಳಿಯಬೇಕು. ಇದೇ ಹುಲ್ಲು ಇಂಡೋನೇಷ್ಯದಲ್ಲಿ ಆಲಾಂಗ್-ಆಲಾಂಗ್, ಮಲೇಷ್ಯದಲ್ಲಿ ಲಾಲಾಂಗ್, ಫಿಲಿಪ್ಪೀನ್ಸ್‌ನಲ್ಲಿ ಕೋಗಾನ್, ಜಪಾನಿನಲ್ಲಿ ಚಿಗಾಯ. ಅಮೆರಿಕದವರು ಫಿಲಿಪ್ಪೀನ್ಸ್‌ನ ಹೆಸರನ್ನೇ ತೆಗೆದುಕೊಂಡು ಕೋಗನ್ ಹುಲ್ಲು ಎನ್ನುತ್ತಾರೆ.

ಇಂಪೆರೇಟಾ ಎಂಬುದು ಇಟಲಿಯ ನೇಪಲ್ಸ್ ನಗರದ ಔಷಧ ವ್ಯಾಪಾರಿ ಫೆರಾಂಟೆ ಇಂಪೆರಾಟೊನ ಸ್ಮರಣೆಗಾಗಿ ಇಟ್ಟ ಹೆಸರು. ಆತ ತನ್ನ ಮನೆಯಲ್ಲಿ ಪ್ರಾಣಿ, ಸಸ್ಯ, ಕಲ್ಲುಗಳ ಸಂಗ್ರಹಾಲಯವೊಂದನ್ನು ಮಾಡಿಕೊಂಡಿದ್ದು, 1599ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿರುವ ಆ ಕೋಣೆಯ ಚಿತ್ರ ಇಂದಿಗೂ ಪ್ರಸಿದ್ಧವಾಗಿದೆ. ಹೆಸರಿಟ್ಟವನು ಅದೇ ಊರಿನ ವೈದ್ಯ ಮತ್ತು ಸಸ್ಯಶಾಸ್ತ್ರಜ್ಞ ಡೊಮೆನಿಕೊ ಚಿರಿಲ್ಲೊ. ನೇಪಲ್ಸ್‌ನ ಅಲ್ಪಾಯುಷಿ ಗಣರಾಜ್ಯದಲ್ಲಿ ಭಾಗವಹಿಸಿದ ಕಾರಣಕ್ಕೆ ಚಿರಿಲ್ಲೊನನ್ನು 1799ರಲ್ಲಿ ಗಲ್ಲಿಗೇರಿಸಲಾಯಿತು. ನಮ್ಮ ದರ್ಭೆಯ ಶಾಸ್ತ್ರೀಯ ಹೆಸರಿನ ಹಿಂದೆ ಇಂಥದೊಂದು ದುರಂತವೂ ಅಡಗಿದೆ ಎಂಬುದನ್ನು ಪ್ರಸಂಗವಶಾತ್ ಹೇಳಿದೆವು.

ಗಿಡದ ಲಕ್ಷಣ

ದರ್ಭೆ ಬಹುವಾರ್ಷಿಕ ಹುಲ್ಲು. ಸಾಮಾನ್ಯವಾಗಿ ಎರಡರಿಂದ ನಾಲ್ಕು ಅಡಿ ಎತ್ತರಕ್ಕೆ ಬೆಳೆಯುತ್ತದೆ. ಗರಿಯ ನಡುನರ ಬೆಳ್ಳಗಿದ್ದು, ನಟ್ಟನಡುವೆ ಇರದೆ ಕೊಂಚ ಒಂದು ಬದಿಗೆ ಸರಿದಿರುವುದು ಇದನ್ನು ಗುರುತಿಸಲು ಒಳ್ಳೆಯ ಚಿಹ್ನೆ. ಗರಿಯ ಅಂಚಿನಲ್ಲಿ ಮರಳಿನ ಮೂಲವಸ್ತುವಾದ ಸಿಲಿಕಾದಿಂದಾದ ಸೂಕ್ಷ್ಮ ಹಲ್ಲುಗಳಿವೆ. ಅವಸರದಲ್ಲಿ ಎಳೆದವರ ಬೆರಳು ಕುಯ್ದುಕೊಳ್ಳುವುದು ಇವುಗಳಿಂದಲೇ. ಎಳೆಯ ಚಿಗುರನ್ನು ದನಗಳು ಮೇಯುತ್ತವೆ. ಬಲಿತ ಗರಿಯನ್ನು ಮೂಸಿ ಮುಂದೆ ಹೋಗುತ್ತವೆ.

ಈ ಗಿಡದ ನಿಜವಾದ ಬಲ ಇರುವುದು ನೆಲದೊಳಗೆ. ಬಿಳಿಯ, ಗೆಣ್ಣುಗೆಣ್ಣಾದ, ಸೂಜಿಯಂತೆ ಮೊನಚಾದ ತುದಿಯುಳ್ಳ ಬೇರುಕಾಂಡಗಳು ಮಣ್ಣಿನಲ್ಲಿ ಬಲೆಯಂತೆ ಹೆಣೆದುಕೊಂಡಿರುತ್ತವೆ. ಇಡೀ ಸಸ್ಯದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇವುಗಳದ್ದೇ. ದಾರಿಗೆ ಅಡ್ಡಬಂದ ಬೇರೆ ಗಿಡದ ಬೇರನ್ನೂ ಗೆಡ್ಡೆಯನ್ನೂ ಅವು ಚುಚ್ಚಿಕೊಂಡು ಮುಂದೆ ಸಾಗುತ್ತವೆ. ಒಂದು ಗೆಣ್ಣಿನ ತುಂಡು ಉಳಿದರೂ ಸಾಕು, ಹೊಸ ಗಿಡ ಏಳುತ್ತದೆ. ಮೇಲಿನ ಗರಿಯನ್ನು ಕೊಯ್ದರೂ ಸುಟ್ಟರೂ ಗಿಡ ಸಾಯದಿರುವ ಗುಟ್ಟು ಇದು.

ಜೋಳ, ಕಬ್ಬು, ಮುಸುಕಿನ ಜೋಳಗಳಿರುವ ಬಳಗಕ್ಕೇ ದರ್ಭೆಯೂ ಸೇರಿದೆ. ಬಿಸಿಲು ಮತ್ತು ಸೆಕೆಯಲ್ಲಿ ಚೆನ್ನಾಗಿ ಆಹಾರ ತಯಾರಿಸಬಲ್ಲ, ವಿಜ್ಞಾನಿಗಳು ಸಿ-4 ಎಂದು ಕರೆಯುವ ವಿಧಾನ ಈ ಬಳಗದ್ದು. ಬಾಂಧವ್ಯ ಎಷ್ಟು ಹತ್ತಿರದ್ದೆಂದರೆ, ಕೊಯಮತ್ತೂರಿನ ಕಬ್ಬಿನ ತಳಿ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ಇ. ಕೆ. ಜಾನಕಿ ಅಮ್ಮಾಳ್ ಅವರು ಕಬ್ಬನ್ನು ಜೋಳ, ಮುಸುಕಿನ ಜೋಳಗಳೊಡನೆ ಮಾತ್ರವಲ್ಲದೆ ಇಂಪೆರೇಟಾದೊಡನೆಯೂ ಸಂಕರಗೊಳಿಸಿದ್ದರು.

ಹೂವು ಮತ್ತು ಪರಾಗ

ದರ್ಭೆಯ ತೆನೆ ಬೆಳ್ಳಿಯ ಬಣ್ಣದ, ನುಣುಪಾದ, ಉರುಳೆಯಾಕಾರದ ಬಾಲದಂತೆ ಕಾಣುತ್ತದೆ. ಸಿಲಿಂಡ್ರಿಕಾ ಎಂಬ ವಿಶೇಷಣ ಬಂದಿರುವುದು ಅದರಿಂದಲೇ. ಈ ಬಿಳುಪು ಹೂವಿನದ್ದಲ್ಲ, ಪ್ರತಿಯೊಂದು ಪುಟ್ಟ ತೆನೆಬಿಡಿಯ ಬುಡದಲ್ಲಿರುವ ರೇಷ್ಮೆಯಂಥ ಕೂದಲಿನದ್ದು. ಹೂವಿಗೆ ಎಸಳಿಲ್ಲ, ಪರಿಮಳವಿಲ್ಲ, ಮಕರಂದವಿಲ್ಲ. ದುಂಬಿಯನ್ನು ಕರೆಯುವ ಅಗತ್ಯವೇ ಇಲ್ಲದ್ದರಿಂದ ಆ ಖರ್ಚನ್ನೆಲ್ಲ ಅದು ಉಳಿಸಿಕೊಂಡಿದೆ. ಗಾಳಿಯೇ ಅದರ ದೂತ.

ಹೆಚ್ಚಿನ ಹುಲ್ಲುಗಳ ಹೂವಿನಲ್ಲಿ ಮೂರು ಕೇಸರಗಳಿರುತ್ತವೆ, ಭತ್ತದಲ್ಲಿ ಆರು. ದರ್ಭೆಯಲ್ಲಿ ಇರುವುದು ಎರಡೇ. ದಕ್ಷಿಣ ಅಮೆರಿಕದ ಅದರ ಸೋದರ ಜಾತಿಯಾದ ಇಂಪೆರೇಟಾ ಬ್ರಸಿಲಿಯೆನ್ಸಿಸ್‌ನಲ್ಲಿ ಒಂದೇ ಒಂದು. ಈ ಎರಡು ಜಾತಿಗಳೂ ಕಂಡುಬರುತ್ತವೆ ಎನ್ನಲಾಗುವ ಫ್ಲಾರಿಡಾದಲ್ಲಿ ಸಸ್ಯಶಾಸ್ತ್ರಜ್ಞರು ಭೂತಗನ್ನಡಿ ಹಿಡಿದು ಕೇಸರಗಳನ್ನೆಣಿಸಿ ಯಾವುದು ಯಾವುದೆಂದು ನಿರ್ಧರಿಸುವುದುಂಟು. ಅಷ್ಟೊಂದು ಭೇದ ಸಲ್ಲದು, ಎರಡೂ ಒಂದೇ ಎನ್ನುವವರೂ ಇದ್ದಾರೆ. ಕಿತ್ತಳೆ ಛಾಯೆಯ ಪರಾಗಕೋಶಗಳು ಸಣ್ಣ ಎಳೆಗಳಿಂದ ತೆನೆಯ ಹೊರಗೆ ಜೋತಾಡುತ್ತವೆ. ಜೊತೆಯಲ್ಲೇ ಕಂದು-ನೇರಳೆ ಬಣ್ಣದ, ಹಕ್ಕಿಯ ತುಪ್ಪುಳದಂಥ ಶಲಾಕಾಗ್ರಗಳು ಗಾಳಿಯಲ್ಲಿ ತೇಲಿಬರುವ ಪರಾಗವನ್ನು ಹಿಡಿಯಲು ಹರಡಿಕೊಂಡಿರುತ್ತವೆ. ಬಿಳಿಯ ತೆನೆಯ ಮೇಲೆ ಈ ಎರಡು ಬಣ್ಣಗಳ ಚುಕ್ಕೆಗಳು ಕಂಡರೆ, ಹುಲ್ಲು ಆಗ ಪರಾಗವನ್ನು ಬಿಡುತ್ತಿದೆ ಎಂದರ್ಥ.

ಈಗ ಪರಾಗದ ಕಣವನ್ನೇ ನೋಡೋಣ. ಹುಲ್ಲಿನ ಕುಟುಂಬದಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ಜಾತಿಗಳಿದ್ದರೂ ಅವುಗಳ ಪರಾಗದ ರಚನೆ ಆಶ್ಚರ್ಯವಾಗುವಷ್ಟು ಏಕರೂಪವಾಗಿದೆ. ಗುಂಡಗೆ ಅಥವಾ ಕೊಂಚ ಮೊಟ್ಟೆಯಾಕಾರದಲ್ಲಿರುವ ಕಣ, ಅದರಲ್ಲಿ ಒಂದೇ ಒಂದು ರಂಧ್ರ, ರಂಧ್ರದ ಸುತ್ತ ಉಬ್ಬಿದ ಉಂಗುರ, ಅದರ ಮೇಲೊಂದು ಪುಟ್ಟ ಮುಚ್ಚಳ. ದರ್ಭೆಯ ಪರಾಗವೂ ಇದಕ್ಕೆ ಹೊರತಲ್ಲ. ಪರಾಗಕ್ಕೂ ಒಂದು ಪವಿತ್ರದುಂಗುರವಿದೆ ಎಂದು ವಿನೋದಕ್ಕೆ ಹೇಳಬಹುದು. ಆದರೆ ಆ ಉಂಗುರ ಗರಿಕೆಯ ಪರಾಗಕ್ಕೂ ರಾಗಿಯ ಪರಾಗಕ್ಕೂ ಇದೆ. ಮೇಲ್ಮೈ ಸಾಧಾರಣ ಸೂಕ್ಷ್ಮದರ್ಶಕದಲ್ಲಿ ಬಹುತೇಕ ನಯವಾಗಿಯೇ ಕಾಣುತ್ತದೆ. ದಾಸವಾಳದ ಪರಾಗದ ಮೇಲಿರುವಂಥ ಮುಳ್ಳುಗಳಾಗಲಿ ಅಂಟಾಗಲಿ ಇಲ್ಲಿಲ್ಲ. ಕೀಟದ ಮೈಗೆ ಅಂಟಿಕೊಳ್ಳಬೇಕಾದ ಪರಾಗಕ್ಕೆ ಅವು ಬೇಕು. ಗಾಳಿಯಲ್ಲಿ ಒಂದೊಂದಾಗಿ ತೇಲಬೇಕಾದದ್ದಕ್ಕೆ ಅವು ಅಡ್ಡಿ.

ಗಾತ್ರದಲ್ಲಿ ಮಾತ್ರ ಅಲ್ಪ ವ್ಯತ್ಯಾಸವುಂಟು. ಮಿಲಿಮೀಟರಿನ ಸಾವಿರದಲ್ಲೊಂದು ಭಾಗವನ್ನು ಮೈಕ್ರಾನ್ ಎನ್ನುತ್ತಾರೆ. ಕಾಡುಹುಲ್ಲುಗಳ ಪರಾಗ ಬಹುಪಾಲು 20ರಿಂದ 40 ಮೈಕ್ರಾನ್ ವ್ಯಾಸದ್ದು. ಬೇಸಾಯದ ಧಾನ್ಯಗಳದ್ದು ಸಾಮಾನ್ಯವಾಗಿ ಅದಕ್ಕಿಂತ ದೊಡ್ಡದು. ಮುಸುಕಿನ ಜೋಳದ್ದು 80 ಮೈಕ್ರಾನ್ ದಾಟುತ್ತದೆ. ಗಾಳಿಯಿಂದ ಸಂಗ್ರಹಿಸಿದ ಗಾಜಿನ ಪಟ್ಟಿಯ ಮೇಲೆ ದರ್ಭೆಯ ಕಣವನ್ನು ಅಕ್ಕಪಕ್ಕದ ಬೇರೆ ಹುಲ್ಲಿನ ಕಣದಿಂದ ಬೇರ್ಪಡಿಸಿ ಗುರುತಿಸುವುದು ನುರಿತವರಿಗೂ ಸಾಧ್ಯವಾಗದು. ಪರಾಗ ಎಣಿಸುವ ಕೇಂದ್ರಗಳ ವರದಿಗಳಲ್ಲಿ ಮರಗಳಿಗೆ ಪ್ರತ್ಯೇಕ ಹೆಸರುಗಳಿದ್ದು ಹುಲ್ಲುಗಳೆಲ್ಲ ಒಟ್ಟಾಗಿ 'ಹುಲ್ಲು' ಎಂಬ ಒಂದೇ ಸಾಲಿನಲ್ಲಿ ಬರುವುದಕ್ಕೆ ಇದೇ ಕಾರಣ. ಈ ಸಣ್ಣ ತೊಡಕಿಗೆ ದೊಡ್ಡ ಪರಿಣಾಮಗಳಿವೆ. ಅವುಗಳಿಗೆ ಮುಂದೆ ಬರುತ್ತೇವೆ.

ತನ್ನ ಪರಾಗವನ್ನು ತಾನೇ ಒಲ್ಲದ ಹುಲ್ಲು

ಹುಲ್ಲಿನ ಪರಾಗಕ್ಕೆ ಆಯುಸ್ಸು ಬಹಳ ಕಡಿಮೆ. ಪರಾಗಕೋಶದಿಂದ ಹೊರಬಿದ್ದ ಕಣ ಬಿಸಿಲು-ಗಾಳಿಗೆ ಬೇಗ ಒಣಗುತ್ತದೆ. ಅದು ಜೀವ ಹಿಡಿದಿರುವುದು ಹಲವು ನಿಮಿಷಗಳಿಂದ ಕೆಲವು ಗಂಟೆಗಳವರೆಗೆ ಮಾತ್ರ. ಅಷ್ಟರೊಳಗೆ ಅದು ತಕ್ಕ ಶಲಾಕಾಗ್ರವನ್ನು ಸೇರಬೇಕು. ಸೇರಿದರೂ ಎಲ್ಲ ಕಣಗಳಿಗೂ ಪ್ರವೇಶವಿಲ್ಲ. ಹುಲ್ಲಿನ ಕುಟುಂಬದ ಅನೇಕ ಜಾತಿಗಳಲ್ಲಿ, ಬಂದ ಪರಾಗ ತನ್ನದೇ ಗಿಡದ್ದೋ ಬೇರೆಯದ್ದೋ ಎಂದು ಶಲಾಕಾಗ್ರ ಪರೀಕ್ಷಿಸುತ್ತದೆ. ಎರಡು ಪ್ರತ್ಯೇಕ ವಂಶವಾಹಿ ನೆಲೆಗಳು ಸೇರಿ ಈ ಪರೀಕ್ಷೆಯನ್ನು ನಡೆಸುತ್ತವೆ ಎಂಬುದು 1950ರ ದಶಕದಲ್ಲಿ ರೈ ಧಾನ್ಯದ ಮೇಲಿನ ಸಂಶೋಧನೆಯಿಂದ ತಿಳಿದುಬಂದಿತು. ತನ್ನದೇ ಪರಾಗವೆಂದು ಗೊತ್ತಾದರೆ ಅದರ ನಳಿಕೆ ಶಲಾಕಾಗ್ರದ ಮೇಲೆಯೇ ನಿಂತುಹೋಗುತ್ತದೆ. ಸಗೋತ್ರ ವಿವಾಹದ ನಿಷೇಧವನ್ನು ಹುಲ್ಲು ನಮಗಿಂತ ಎಷ್ಟೋ ಮೊದಲೇ ಪಾಲಿಸಿಕೊಂಡು ಬಂದಿದೆ.

ದರ್ಭೆ ಇಂಥ ನಿಷೇಧವನ್ನು ಕಟ್ಟುನಿಟ್ಟಾಗಿ ಪಾಲಿಸುವ ಹುಲ್ಲು. ಅದರಲ್ಲಿ ಬೀಜ ಕಟ್ಟಬೇಕಾದರೆ ವಂಶದಲ್ಲಿ ಬೇರೆಯಾದ ಇನ್ನೊಂದು ಗಿಡದ ಪರಾಗ ಬರಲೇಬೇಕು. ಇಲ್ಲಿ ನಾವು ಅದರ ಬೇರುಕಾಂಡವನ್ನು ನೆನಪಿಸಿಕೊಳ್ಳಬೇಕು. ಒಂದೇ ಗಿಡದ ಬೇರುಕಾಂಡ ಹರಡಿ ಎಕರೆಗಟ್ಟಲೆ ನೆಲವನ್ನು ತುಂಬಬಹುದು. ನೋಡುವವರ ಕಣ್ಣಿಗೆ ಅದು ಲಕ್ಷ ಗಿಡಗಳ ಹುಲ್ಲುಗಾವಲು. ವಂಶದ ದೃಷ್ಟಿಯಿಂದ ಒಂದೇ ಗಿಡ. ಇಡೀ ಬಯಲು ಬೆಳ್ಳಿಯ ತೆನೆಗಳಿಂದ ತೂಗಾಡಿದರೂ ಅದರಲ್ಲಿ ಬಹುಪಾಲು ಜೊಳ್ಳು. ಬೇರೆ ವಂಶದ ಇನ್ನೊಂದು ಹುಲ್ಲುಮೆಳೆ ಗಾಳಿಯ ಅಳವಿನೊಳಗೆ ಬಂದು, ಎರಡೂ ಒಂದೇ ಸಮಯದಲ್ಲಿ ಹೂಬಿಟ್ಟರೆ ಜೊಳ್ಳು ಕಾಳಾಗುತ್ತದೆ.

ಕಾಳಾದರೆ ಏನಾಗುತ್ತದೆ? ಒಂದು ಗಿಡ ಮೂರು ಸಾವಿರದವರೆಗೆ ಬೀಜ ಕೊಡಬಲ್ಲದೆಂದು ಗ್ರಂಥಗಳು ಹೇಳುತ್ತವೆ. ಬೀಜಕ್ಕಂಟಿದ ಕೂದಲು ಅದನ್ನು ಗಾಳಿಯಲ್ಲಿ ತೇಲಿಸುತ್ತದೆ. ಹೆಚ್ಚಿನವು ತಾಯಿಗಿಡದಿಂದ ಹತ್ತಿಪ್ಪತ್ತು ಮೀಟರಿನೊಳಗೇ ಬೀಳುತ್ತವೆ. ಬಯಲುನಾಡಿನಲ್ಲಿ ಕೆಲವು 24 ಕಿಲೋಮೀಟರ್ ದೂರದವರೆಗೂ ಹೋದದ್ದುಂಟು. ಬಿದ್ದ ಬೀಜಕ್ಕೆ ಸುಪ್ತಾವಸ್ಥೆಯಿಲ್ಲ. ತೇವ ಸಿಕ್ಕೊಡನೆ ಮೊಳೆಯುತ್ತದೆ. ಒಂದು ವರ್ಷ ಕಳೆಯುವುದರೊಳಗೆ ಮೊಳೆಯುವ ಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ. ಬೇರುಕಾಂಡದಿಂದ ಹುಲ್ಲು ವರ್ಷಕ್ಕೆ ಕೆಲವು ಅಡಿಗಳಷ್ಟು ನಡೆಯುತ್ತದೆ, ಬೀಜದಿಂದ ಹಾರುತ್ತದೆ. ನಡೆಯುವ ಕಳೆಯನ್ನು ಹಾರುವ ಕಳೆಯನ್ನಾಗಿ ಮಾಡುವುದು ಹೊರಗಿನಿಂದ ಬಂದ ಪರಾಗ.

ಅಮೆರಿಕದ ಕಥೆ

1912ರ ಸುಮಾರಿಗೆ ಅಮೆರಿಕದ ಅಲಬಾಮಾ ರಾಜ್ಯದ ಗ್ರ್ಯಾಂಡ್ ಬೇ ಎಂಬಲ್ಲಿಗೆ ಜಪಾನಿನಿಂದ ಸತ್ಸುಮಾ ಕಿತ್ತಳೆಯ ಸರಕಿನ ಪೆಟ್ಟಿಗೆಗಳು ಬಂದವು. ಪೆಟ್ಟು ತಾಗದಿರಲೆಂದು ಒಳಗೆ ತುಂಬಿದ್ದ ಒಣಹುಲ್ಲು ಇದೇ ದರ್ಭೆ. ಪೆಟ್ಟಿಗೆ ಬಿಚ್ಚಿದವರು ಹುಲ್ಲನ್ನು ಹೊರಗೆಸೆದರು. ಅದು ಅಲ್ಲೇ ಬೇರುಬಿಟ್ಟಿತು. ಸುಮಾರು ಒಂದು ದಶಕದ ತರುವಾಯ ನೆರೆಯ ಮಿಸಿಸಿಪಿಯ ಮೆಕ್ನೀಲ್‌ಗೆ ಫಿಲಿಪ್ಪೀನ್ಸ್‌ನಿಂದ ಇದೇ ಹುಲ್ಲನ್ನು, ಈ ಸಲ ಮೇವಿನ ಬೆಳೆಯೆಂದು, ಉದ್ದೇಶಪೂರ್ವಕವಾಗಿ ತರಿಸಿಕೊಳ್ಳಲಾಯಿತು. ಮುಂದೆ ಫ್ಲಾರಿಡಾದಲ್ಲೂ ಮೇವಿಗೆ, ಮಣ್ಣಿನ ಸವಕಳಿ ತಡೆಗೆ ಎಂದು ಪರೀಕ್ಷೆಗಳು ನಡೆದವು. ದನಗಳು ಬಲಿತ ಗರಿಯನ್ನು ಮುಟ್ಟದ್ದರಿಂದ ಮೇವಿನ ಆಸೆ ಕೈಗೂಡಲಿಲ್ಲ. ಹುಲ್ಲು ಮಾತ್ರ ಉಳಿಯಿತು.

ಹೀಗೆ ಎರಡು ದೇಶಗಳಿಂದ, ಎರಡು ವಂಶಗಳಿಂದ ಬಂದ ಹುಲ್ಲು ಒಂದಕ್ಕೊಂದು ಹೆಚ್ಚು ದೂರವಿಲ್ಲದ ತಾಣಗಳಲ್ಲಿ ನೆಲೆಯೂರಿತು. ಹೆದ್ದಾರಿ ನಿರ್ಮಾಣಕ್ಕೆ ಮಣ್ಣು ಸಾಗಿಸಿದಾಗ ಆ ಮಣ್ಣಿನಲ್ಲಿದ್ದ ಬೇರುಕಾಂಡದ ತುಂಡುಗಳೂ ಸಾಗಿದವು. ರಸ್ತೆಯಂಚಿನ ಹುಲ್ಲು ಕೊಯ್ಯುವ ಯಂತ್ರಗಳು, ಕಾಡಿನಲ್ಲಿ ಓಡಾಡುವ ಟ್ರ್ಯಾಕ್ಟರುಗಳು ಅದನ್ನು ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ ಒಯ್ದವು. ಈಚಿನ ದಶಕಗಳ ಡಿ.ಎನ್.ಎ. ಅಧ್ಯಯನಗಳ ಪ್ರಕಾರ ಅಲ್ಲಿನ ಹುಲ್ಲಿನ ಬಹುಭಾಗ ಕೆಲವೇ ವಂಶಗಳ ತದ್ರೂಪುಗಳಿಂದ ಕೂಡಿದೆ. ಮೇಲ್ನೋಟಕ್ಕೆ ಇದು ಸಮಾಧಾನದ ಸಂಗತಿ. ವಾಸ್ತವದಲ್ಲಿ ಇದು ಎಚ್ಚರಿಕೆಯ ಮಾತು: ಯಂತ್ರಕ್ಕಂಟಿದ ಮಣ್ಣನ್ನು ತೊಳೆಯದೆ ಒಂದು ಮೆಳೆಯಿಂದ ಇನ್ನೊಂದರ ಬಳಿಗೆ ಒಯ್ದವನು ಹುಲ್ಲಿನ ಒಂದು ತುಂಡನ್ನು ಮಾತ್ರ ಒಯ್ಯುವುದಿಲ್ಲ, ಜೊಳ್ಳಾಗಿದ್ದ ಮೆಳೆಗೆ ಪರಾಗವನ್ನು ಒದಗಿಸಿಕೊಡುತ್ತಾನೆ.

ತೋಟಗಾರಿಕೆಯ ವ್ಯಾಪಾರ ಇದಕ್ಕೆ ಇನ್ನೊಂದು ಎಳೆಯನ್ನು ಸೇರಿಸಿತು. ದರ್ಭೆಯದೇ ಒಂದು ಕೆಂಪುಗರಿಯ ತಳಿಯನ್ನು 'ರೆಡ್ ಬ್ಯಾರನ್', 'ಜಪಾನಿ ರಕ್ತಹುಲ್ಲು' ಎಂಬ ಹೆಸರುಗಳಿಂದ ಅಲಂಕಾರದ ಗಿಡವಾಗಿ ಮಾರಲಾಗುತ್ತದೆ. ಅದು ಹೂಬಿಡುವುದು ವಿರಳ, ನಿಧಾನವಾಗಿ ಬೆಳೆಯುತ್ತದೆ, ಚಳಿಯನ್ನು ತಾಳಿಕೊಳ್ಳುತ್ತದೆ. ಆದರೆ ಕೆಂಪು ಗರಿಗಳ ನಡುವೆ ಒಮ್ಮೊಮ್ಮೆ ಹಸಿರು ಗರಿಗಳು ಏಳುತ್ತವೆ, ಆ ಹಸಿರು ಭಾಗ ಮೂಲ ಕಳೆಯ ಆವೇಶವನ್ನೇ ತೋರುತ್ತದೆ. ಚಳಿ ತಾಳುವ ಈ ತಳಿಯ ಪರಾಗ ದಕ್ಷಿಣದ ಕಾಡುಹುಲ್ಲಿಗೆ ತಗುಲಿದರೆ ಉತ್ತರದ ಶೀತಪ್ರದೇಶಗಳಿಗೂ ಹಾವಳಿ ಏರೀತೆಂಬುದು ಅಲ್ಲಿನ ತಜ್ಞರ ಆತಂಕ. ಕೆಲವು ರಾಜ್ಯಗಳು ಇದರ ಮಾರಾಟವನ್ನು ನಿಷೇಧಿಸಿವೆ. ನಮ್ಮ ಅಭಿಪ್ರಾಯದಲ್ಲಿ ಉಳಿದವೂ ಅದೇ ದಾರಿ ಹಿಡಿಯುವುದು ಲೇಸು. ಅಂಗಳದ ಅಂದಕ್ಕೆ ಬೇರೆ ಗಿಡಗಳಿಗೇನೂ ಬರವಿಲ್ಲ.

ಮಕ್ಕಳು ಅಮೆರಿಕದಲ್ಲಿ ನೆಲೆಸಿರುವ ನಮ್ಮ ಓದುಗರಿಗೆ ಇಲ್ಲೊಂದು ಮಾತು. ಬೇರುಸಹಿತವಾದ ಹಸಿ ದರ್ಭೆಯನ್ನಾಗಲಿ, ತೆನೆಯಿರುವ ಹುಲ್ಲನ್ನಾಗಲಿ ಅಲ್ಲಿಗೆ ಒಯ್ಯಬಾರದು. ಕುಂಡದಲ್ಲಿ ನೆಟ್ಟುಕೊಳ್ಳೋಣವೆಂಬ ಉದ್ದೇಶ ಎಷ್ಟೇ ಒಳ್ಳೆಯದಾಗಿರಲಿ, ಪಟ್ಟಿಯಲ್ಲಿರುವ ಕಳೆಯನ್ನು ಪರವಾನಗಿಯಿಲ್ಲದೆ ತರುವುದು ಅಲ್ಲಿನ ಕಾನೂನಿಗೆ ವಿರುದ್ಧ.

ಬೆಂಕಿಯ ನಂಟು

ದರ್ಭೆಯ ಹಾನಿಯಲ್ಲಿ ಅತಿ ದೊಡ್ಡದು ಬೆಂಕಿಯದು. ಹಸಿರಾಗಿ ಕಾಣುವಾಗಲೂ ಬುಡದಲ್ಲಿ ಒಣಗರಿ ದಟ್ಟವಾಗಿ ಕೂಡಿರುತ್ತದೆ. ಕಿಡಿ ಬಿದ್ದರೆ ಭಗ್ಗನೆ ಹತ್ತಿಕೊಳ್ಳುತ್ತದೆ. ಅಮೆರಿಕದ ಆಗ್ನೇಯ ಭಾಗದ ಉದ್ದೆಲೆಯ ಪೈನ್ ಕಾಡು ಒಂದು ಕಾಲಕ್ಕೆ ಸುಮಾರು 9 ಕೋಟಿ ಎಕರೆಗಳಲ್ಲಿ ಹಬ್ಬಿತ್ತು. ಇಪ್ಪತ್ತನೆಯ ಶತಮಾನದ ಕೊನೆಗೆ ಅದರಲ್ಲಿ ಉಳಿದದ್ದು ಶೇ. 5ಕ್ಕಿಂತಲೂ ಕಡಿಮೆ. ಆ ಕಾಡು ಬೆಂಕಿಗೆ ಅಪರಿಚಿತವಲ್ಲ. ಆಗಾಗ ನೆಲಮಟ್ಟದಲ್ಲಿ ಹರಿದುಹೋಗುವ ತಣ್ಣನೆಯ ಬೆಂಕಿ ಅದಕ್ಕೆ ಬೇಕೇ ಬೇಕು, ಎಳೆಯ ಪೈನ್ ಸಸಿಗಳು ಅದನ್ನು ತಾಳಿಕೊಳ್ಳುತ್ತವೆ. ದರ್ಭೆ ಹೊಕ್ಕ ಕಾಡಿನಲ್ಲಿ ಬೆಂಕಿ ಹೆಚ್ಚು ಎತ್ತರಕ್ಕೆ, ಹೆಚ್ಚು ಬಿಸಿಯಾಗಿ ಉರಿದು ಆ ಸಸಿಗಳನ್ನೇ ಕೊಲ್ಲುತ್ತದೆ. ನೆಲದೊಳಗಿನ ಬೇರುಕಾಂಡಕ್ಕೆ ಏನೂ ಆಗುವುದಿಲ್ಲ. ಅಷ್ಟೇ ಅಲ್ಲ, ಸುಟ್ಟ ಮೇಲೆ, ಕೊಯ್ದ ಮೇಲೆ ದರ್ಭೆ ಹೆಚ್ಚು ಹೂಬಿಡುತ್ತದೆ. ಬೆಂಕಿ ಪರಾಗವನ್ನು ತರುತ್ತದೆ, ಪರಾಗ ಬೀಜವನ್ನು, ಬೀಜ ಹೊಸ ಹುಲ್ಲನ್ನು, ಹೊಸ ಹುಲ್ಲು ಮತ್ತೆ ಬೆಂಕಿಯನ್ನು.

ಏಷ್ಯದ ಉಷ್ಣವಲಯದಲ್ಲೂ ಇದೇ ಚಕ್ರ ಬೇರೆ ರೀತಿಯಲ್ಲಿ ಸುತ್ತುತ್ತಿದೆ. ಇಲ್ಲಿ ಅದು ಪರದೇಶಿಯಲ್ಲ. ಕಾಡನ್ನು ಕಡಿದು ಸುಟ್ಟು ಬೇಸಾಯ ಮಾಡಿ ಬಿಟ್ಟ ನೆಲದಲ್ಲಿ ದರ್ಭೆ ಮೊದಲು ಬರುತ್ತದೆ, ಮತ್ತೆ ಮತ್ತೆ ಬೆಂಕಿ ಬಿದ್ದರೆ ಮರ ಬೆಳೆಯಲು ಬಿಡುವುದೇ ಇಲ್ಲ. 1990ರ ದಶಕದಲ್ಲಿ ಮಾಡಿದ ಅಂದಾಜಿನಂತೆ ಏಷ್ಯದಲ್ಲಿ ಸುಮಾರು 3.5 ಕೋಟಿ ಹೆಕ್ಟೇರ್ ನೆಲ ಇಂಥ ಹುಲ್ಲುಗಾವಲಾಗಿತ್ತು. ಅದರಲ್ಲಿ ಅತಿ ಹೆಚ್ಚಿನ ಪಾಲು ಇಂಡೋನೇಷ್ಯ ಮತ್ತು ಭಾರತದ್ದು.

ಹಾಗೆಂದು ಎಲ್ಲ ದರ್ಭೆಯೂ ಕಳೆಯಲ್ಲ. ಹಿಮಾಲಯದ ತಪ್ಪಲಿನ ತರಾಯಿ ಹುಲ್ಲುಗಾವಲುಗಳಲ್ಲಿ, ಅಸ್ಸಾಮಿನ ಮಾನಸ್‌ನಂಥ ಅರಣ್ಯಗಳಲ್ಲಿ ಅದು ತನ್ನ ಸ್ವಂತ ಮನೆಯಲ್ಲಿದೆ. ಅಳಿವಿನಂಚಿನಲ್ಲಿರುವ ಬಂಗಾಳ ಫ್ಲೋರಿಕನ್ ಹಕ್ಕಿಗೆ ದರ್ಭೆಯ ಬಯಲೇ ಆಶ್ರಯ. ಜಪಾನಿನಲ್ಲಿ ಬೇಸಿಗೆಯ ನಡುವೆ ದೇವಾಲಯಗಳ ಮುಂದೆ ಚಿಗಾಯ ಹುಲ್ಲಿನಿಂದ ಆಳೆತ್ತರದ ಉಂಗುರವನ್ನು ಕಟ್ಟಿ ಭಕ್ತರು ಅದರೊಳಗಿಂದ ಹಾದು ಶುದ್ಧರಾಗುತ್ತಾರೆ. ನಮ್ಮಲ್ಲಿ ಬೆರಳು ಹುಲ್ಲಿನ ಉಂಗುರವನ್ನು ಹಾಯುತ್ತದೆ, ಅಲ್ಲಿ ಇಡೀ ಮನುಷ್ಯನೇ ಹಾಯುತ್ತಾನೆ. ಎರಡು ನಾಡುಗಳಿಗೆ ಈ ವಿಷಯದಲ್ಲಿ ನೇರ ಸಂಬಂಧವಿದೆಯೆಂದು ನಾವು ಹೇಳುತ್ತಿಲ್ಲ. ಹೋಲಿಕೆ ಮಾತ್ರ ಸೊಗಸಾಗಿದೆ.

ಉಸಿರಿಗೆ ಬಂದಾಗ

ಪರಾಗಕ್ಕೂ ನಮ್ಮ ಮೂಗಿಗೂ ಇರುವ ಸಂಬಂಧದ ಅಧ್ಯಯನದಲ್ಲಿ 1873 ಒಂದು ಗಮನಾರ್ಹ ವರ್ಷ. ಆ ವರ್ಷ ಇಂಗ್ಲೆಂಡಿನ ವೈದ್ಯ ಚಾರ್ಲ್ಸ್ ಬ್ಲ್ಯಾಕ್ಲಿ, ಬೇಸಿಗೆಯ ಸೀನು-ನೆಗಡಿಗೆ ಹುಲ್ಲಿನ ಪರಾಗವೇ ಕಾರಣವೆಂದು ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು ತೋರಿಸಿದ ಗ್ರಂಥವನ್ನು ಪ್ರಕಟಿಸಿದ. ಅದೇ ವರ್ಷ ಕಲ್ಕತ್ತೆಯಲ್ಲಿ ಡಿ. ಡಿ. ಕನ್ನಿಂಗ್‌ಹ್ಯಾಮ್ ಗಾಳಿಯಲ್ಲಿನ ಸೂಕ್ಷ್ಮ ಕಣಗಳ ಬಗೆಗಿನ ತನ್ನ ಗ್ರಂಥವನ್ನು ಹೊರತಂದ. ಮುಂದೆ ದೆಹಲಿಯ ವಲ್ಲಭಭಾಯಿ ಪಟೇಲ್ ಎದೆರೋಗ ಸಂಸ್ಥೆಯಲ್ಲಿ ಶಿವಪುರಿ ಅವರು, ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಎಸ್. ಎನ್. ಅಗಾಶೆ ಅವರು ಈ ಕ್ಷೇತ್ರವನ್ನು ಬೆಳೆಸಿದರು. ದರ್ಭೆಯ ಪರಾಗದಲ್ಲಿರುವ ಅಲರ್ಜಿಕಾರಕ ಪ್ರೋಟೀನನ್ನು ಶುದ್ಧೀಕರಿಸಿ ವಿವರಿಸಿದ ಕೆಲಸವೂ 1990ರ ದಶಕದಲ್ಲಿ ದೆಹಲಿಯ ವಿಜ್ಞಾನಿಗಳಿಂದಲೇ ಆಯಿತು.

ಆ ಪ್ರೋಟೀನು ಹುಲ್ಲುಗಳ ಒಂದನೆಯ ಗುಂಪಿನ ಅಲರ್ಜಿಕಾರಕಗಳಿಗೆ ಸೇರಿದ್ದು. ಗಿಡದಲ್ಲಿ ಅದರ ಕೆಲಸ, ಶಲಾಕಾಗ್ರದ ಕೋಶಗಳ ಗೋಡೆಯನ್ನು ಸಡಿಲಗೊಳಿಸಿ ಪರಾಗನಳಿಕೆಗೆ ದಾರಿ ಮಾಡಿಕೊಡುವುದು. ತೇವ ತಾಕಿದೊಡನೆ ಕಣದಿಂದ ಅದು ಹೊರಸೂಸುತ್ತದೆ. ಪರಾಗಕ್ಕೆ ಹೂವಿನ ತೇವ ಯಾವುದು, ನಮ್ಮ ಮೂಗಿನ ತೇವ ಯಾವುದು ಎಂಬ ಭೇದವಿಲ್ಲ.

ಇಲ್ಲಿ ವ್ಯಾವಹಾರಿಕವಾದ ಒಂದು ವಿಷಯವಿದೆ. ಯೂರೋಪಿನಂಥ ಶೀತದೇಶಗಳ ಹುಲ್ಲುಗಳಲ್ಲಿ ಒಂದನೆಯ ಗುಂಪಿನ ಜೊತೆಗೆ ಐದನೆಯ ಗುಂಪಿನ ಅಲರ್ಜಿಕಾರಕವೂ ಪ್ರಬಲವಾಗಿದೆ. ದರ್ಭೆ, ಜೋಳ, ಗರಿಕೆ ಮೊದಲಾದ ಉಷ್ಣದೇಶದ ಹುಲ್ಲುಗಳಲ್ಲಿ ಈ ಐದನೆಯ ಗುಂಪು ಇಲ್ಲ. ಪಾಶ್ಚಾತ್ಯ ದೇಶಗಳಲ್ಲಿ ಟಿಮೊಥಿ, ರೈ ಹುಲ್ಲುಗಳ ಸಾರದಿಂದ ತಯಾರಾದ ಪರೀಕ್ಷಾಸಾಮಗ್ರಿಯನ್ನಷ್ಟೇ ಬಳಸಿದರೆ ನಮ್ಮ ಹುಲ್ಲುಗಳಿಂದ ನರಳುವವರ ಚಿತ್ರ ಸರಿಯಾಗಿ ಮೂಡದಿರಬಹುದು. ದೆಹಲಿಯಲ್ಲಾಗಲಿ ಪುಣೆಯಲ್ಲಾಗಲಿ ಚರ್ಮದ ಮೇಲೆ ಅಲರ್ಜಿ ಪರೀಕ್ಷೆ ಮಾಡಿಸಿಕೊಳ್ಳುವವರು, ಪರೀಕ್ಷೆಯಲ್ಲಿ ಸ್ಥಳೀಯ ಹುಲ್ಲುಗಳು ಸೇರಿವೆಯೇ ಎಂದು ವೈದ್ಯರನ್ನು ಕೇಳುವುದರಲ್ಲಿ ತಪ್ಪಿಲ್ಲ. ಈ ಬಳಗದ ಪ್ರೋಟೀನುಗಳು ಪರಸ್ಪರ ಹೋಲುವುದರಿಂದ, ಒಂದು ಹುಲ್ಲಿಗೆ ಸೀನುವವರು ಅದರ ದಾಯಾದಿಗೂ ಸೀನುವ ಸಂಭವ ಹೆಚ್ಚು.

ಜನರಲ್ಲಿರುವ ಒಂದು ತಪ್ಪು ಕಲ್ಪನೆಯನ್ನೂ ಇಲ್ಲಿ ಹೇಳಬೇಕು. ಗಾಳಿಯಲ್ಲಿ ಹಾರುವ ಬಿಳಿಯ ತುಪ್ಪುಳನ್ನು ಕಂಡು ಇದೇ ಅಲರ್ಜಿಯ ಮೂಲವೆಂದು ಮೂಗು ಮುಚ್ಚಿಕೊಳ್ಳುವವರುಂಟು. ಆ ತುಪ್ಪುಳು ಬೀಜದ್ದು. ಅದು ಹಾರುವ ಹೊತ್ತಿಗೆ ಆ ತೆನೆಯ ಪರಾಗದ ಕಾಲ ಮುಗಿದಿರುತ್ತದೆ. ತೊಂದರೆ ಕೊಡುವ ಕಣ ಕಣ್ಣಿಗೆ ಕಾಣುವಂಥದ್ದಲ್ಲ.

ಮಳೆ-ಗುಡುಗಿನ ಸಮಯದಲ್ಲಿ ಕೆಲವು ಹುಲ್ಲುಗಳ ಪರಾಗಕಣಗಳು ನೀರು ಹೀರಿ ಒಡೆದು, ಒಳಗಿನ ಪಿಷ್ಟದ ನೂರಾರು ಸೂಕ್ಷ್ಮ ಹರಳುಗಳನ್ನು ಗಾಳಿಗೆ ಬಿಡುತ್ತವೆ. ಇಡೀ ಕಣ ಮೂಗಿನಲ್ಲೇ ನಿಂತರೆ ಈ ಹರಳುಗಳು ಶ್ವಾಸಕೋಶದವರೆಗೆ ಇಳಿಯುತ್ತವೆ. 2016ರ ನವೆಂಬರ್ 21ರಂದು ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿ ಹೀಗಾಗಿ ಸಾವಿರಾರು ಜನ ಆಸ್ಪತ್ರೆಗಳಿಗೆ ಧಾವಿಸಿದರು, ಹತ್ತು ಮಂದಿ ಮೃತಪಟ್ಟರು. ಅಲ್ಲಿ ಕಾರಣವಾದದ್ದು ಹೊರಗಿನಿಂದ ಬಂದು ನೆಲೆಸಿದ ರೈ ಹುಲ್ಲು, ದರ್ಭೆಯಲ್ಲ.

ಕೆಸರಿನಲ್ಲಿ ಉಳಿದ ಸಾಕ್ಷಿ

ಪರಾಗದ ಜೀವ ಅಲ್ಪವಾದರೂ ಅದರ ಹೊರಕವಚ ಕೆರೆ-ಜೌಗುಗಳ ಕೆಸರಿನಲ್ಲಿ ಸಾವಿರಾರು ವರ್ಷ ಉಳಿಯುತ್ತದೆ. ಅದನ್ನು ಎಣಿಸಿ ಹಿಂದಿನ ಕಾಲದ ಸಸ್ಯಸಂಪತ್ತನ್ನು ತಿಳಿಯುವುದುಂಟು. ಹುಲ್ಲಿನ ವಿಷಯದಲ್ಲಿ ಮಾತ್ರ, ಮೇಲೆ ಹೇಳಿದ ಏಕರೂಪತೆಯಿಂದಾಗಿ, ಆಗ ಇದ್ದದ್ದು ಯಾವ ಹುಲ್ಲೆಂದು ಕಣ ಹೇಳಲಾರದು. ಈ ಕೊರತೆಯನ್ನು ತುಂಬಲು ಇಂಗಾಲದ ಸಮಸ್ಥಾನಿಗಳ ನೆರವು ಪಡೆಯುತ್ತಾರೆ. ಸಿ-4 ಹುಲ್ಲುಗಳು ಬಿಟ್ಟುಹೋದ ಇಂಗಾಲಕ್ಕೆ ಬೇರೆಯದೇ ಗುರುತಿರುತ್ತದೆ. ನೀಲಗಿರಿಯ ಜೌಗುಮಣ್ಣನ್ನು ಹೀಗೆ ಪರೀಕ್ಷಿಸಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಹೋದ್ಯೋಗಿಗಳು 1993ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಾಚೀನ ಮುಂಗಾರಿನ ಏರಿಳಿತಗಳನ್ನು ವಿವರಿಸಿದರು.

ಹತೋಟಿ

ದರ್ಭೆಯ ದೌರ್ಬಲ್ಯ ಒಂದೇ: ಅದಕ್ಕೆ ನೆರಳು ಆಗದು. ಅಮೆರಿಕದಲ್ಲಿ ಗ್ಲೈಫೊಸೇಟ್, ಇಮಾಜಪೈರ್ ಎಂಬ ಕಳೆನಾಶಕಗಳನ್ನು ವರ್ಷಾನುವರ್ಷ ಸಿಂಪಡಿಸುತ್ತಾರೆ. ಒಮ್ಮೆ ಸಿಂಪಡಿಸಿದರೆ ಗರಿ ಸಾಯುತ್ತದೆ, ಬೇರುಕಾಂಡ ಮತ್ತೆ ಚಿಗುರುತ್ತದೆ. ಹೂಬಿಡುವ ಮುನ್ನ ಸಿಂಪಡಿಸಿ ಪರಾಗ-ಬೀಜಗಳನ್ನು ತಡೆಯುವುದೂ, ತೆನೆಯಿರುವಾಗ ಆ ನೆಲದಲ್ಲಿ ಯಂತ್ರಗಳನ್ನು ಓಡಿಸದಿರುವುದೂ ಅಷ್ಟೇ ಮುಖ್ಯ. ಆಗ್ನೇಯ ಏಷ್ಯದ ಸಣ್ಣ ರೈತರು ಹುಲ್ಲನ್ನು ಕೊಯ್ಯುವ ಬದಲು ಹಲಗೆಯಿಂದ ಒತ್ತಿ ಮಲಗಿಸಿ, ನಡುವೆ ಬೇಗ ಬೆಳೆಯುವ ಮರಗಳನ್ನು ನೆಡುತ್ತಾರೆ. ಮಲಗಿದ ಹುಲ್ಲಿಗೆ ಬೆಂಕಿ ಅಷ್ಟು ಸುಲಭವಾಗಿ ಹತ್ತುವುದಿಲ್ಲ, ಮರದ ನೆರಳು ಬಂದಂತೆ ಅದು ತಾನಾಗಿ ಹಿಂಜರಿಯುತ್ತದೆ.

ಪಶ್ಚಿಮ ಆಫ್ರಿಕದ ಬೆನಿನ್ ದೇಶದಲ್ಲಿ ನೆರಳಿನ ಕೆಲಸವನ್ನು ಮಾಡಿದ್ದು ಒಂದು ಬಳ್ಳಿ. ನಾವು ನಸುಗುನ್ನಿ ಎಂದು ಕರೆಯುವ, ಮೈಗೆ ತಾಗಿದರೆ ತುರಿಕೆಯೆಬ್ಬಿಸುವ ಬಳ್ಳಿಯ ತುರಿಕೆಯಿಲ್ಲದ ತಳಿ ಅದು. 1980ರ ದಶಕದ ಕೊನೆಯಲ್ಲಿ ಕೃಷಿ ಕಾರ್ಯಕರ್ತರು ಅದನ್ನು ಅಲ್ಲಿನ ರೈತರಿಗೆ ಕೊಟ್ಟದ್ದು ಮಣ್ಣಿನ ಫಲವತ್ತತೆಯನ್ನು ಹೆಚ್ಚಿಸಲೆಂದು. ರೈತರು ಅದನ್ನು ಮೆಚ್ಚಿ ಬೆಳೆಸಿದ್ದು ಬೇರೆ ಕಾರಣಕ್ಕೆ: ಒಂದೇ ಹಂಗಾಮಿನಲ್ಲಿ ಬಳ್ಳಿ ಹೊಲವನ್ನೆಲ್ಲ ಹೊದ್ದುಕೊಂಡು ದರ್ಭೆಗೆ ಬಿಸಿಲು ತಾಗದಂತೆ ಮಾಡಿತು, ಬಿಟ್ಟುಕೊಟ್ಟಿದ್ದ ಹೊಲಗಳಲ್ಲಿ ಅವರು ಮತ್ತೆ ಮುಸುಕಿನ ಜೋಳವನ್ನು ಬಿತ್ತಿದರು.